‘ಜೀವಂತ ಉಯಿಲು’ ಸರಿಯೇ? ಜೀವಾಂತ್ಯದ ಚಿಕಿತ್ಸೆಗೆ ಸಂಬಂಧಿಸಿದ ಕೆಲವು ಪದಗಳು

ಮುಂದೊಂದು ದಿನ ತನಗೆ ಮಾತನಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡುವ ಪತ್ರಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಇಂಥ ಪತ್ರದ ಕನ್ನಡ ಮಾದರಿಯೊಂದನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದ್ದು, ಶೀರ್ಷಿಕೆಯಲ್ಲಿಯೇ ತಡವರಿಸಿ ನಿಂತಿದ್ದೇನೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಇದಕ್ಕೆ ಮಾನ್ಯತೆ ನೀಡಿತು. 2023ರ ಜನವರಿಯಲ್ಲಿ ಅದರ ವಿಧಿವಿಧಾನವನ್ನು ಸಡಿಲಿಸಿ, ಮ್ಯಾಜಿಸ್ಟ್ರೇಟರ ಮೇಲುರುಜುವಿನ ಬದಲು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದೆ. ಕಾನೂನು ಇಷ್ಟು ಮುಂದೆ ಬಂದಿದ್ದರೂ ಪದಗಳು ಇನ್ನೂ ನೆಲೆಗೊಂಡಿಲ್ಲ.

ಪತ್ರಿಕೆಗಳಲ್ಲಿ ಕಾಣುವ ‘ಜೀವಂತ ಉಯಿಲು’ ನನಗೆ ಒಗ್ಗುತ್ತಿಲ್ಲ. ಉಯಿಲು ಎಂದೊಡನೆ ಓದುವವರ ಮನಸ್ಸು ಆಸ್ತಿಪಾಸ್ತಿಗೆ ಹೋಗುತ್ತದೆ. ಅದಕ್ಕಿರುವ ಇನ್ನೊಂದು ಹೆಸರು ‘ಮರಣಶಾಸನ’ವೇ ಆಗಿರುವುದರಿಂದ, ಬರೆದವರು ಕಣ್ಣು ಮುಚ್ಚಿದ ಮೇಲಷ್ಟೇ ಜಾರಿಗೆ ಬರುವ ಕಾಗದವೆಂಬ ಭಾವನೆ ಗಟ್ಟಿಯಾಗಿದೆ. ನಾವು ಹೆಸರಿಡಬೇಕಾದ ಪತ್ರವಾದರೋ ಬರೆದವರು ಬದುಕಿರುವಷ್ಟು ಕಾಲ ಮಾತ್ರ ಕೆಲಸಕ್ಕೆ ಬರುತ್ತದೆ. ‘ಜೀವಂತ’ ಎಂಬ ವಿಶೇಷಣವೂ ಬದುಕಿರುವುದು ಉಯಿಲೋ ಮನುಷ್ಯನೋ ಎಂಬ ಗೊಂದಲವನ್ನುಳಿಸುತ್ತದೆ. (ಕರಡು ತಿದ್ದುವಾಗ ‘ಜೀವಂತ’ ಮತ್ತು ‘ಜೀವಾಂತ್ಯ’ ಎದುರುಬದುರಾಗಿ ಬಂದು ಕಣ್ಣಿಗೆ ಕೊಟ್ಟ ಕಾಟ ಬೇರೆ.) ‘ಇಚ್ಛಾಪತ್ರ’ ಕೇಳಲು ಹಿತವಾಗಿದೆ, ಆದರೆ ಮರಾಠಿಯಲ್ಲಿ ಅದೂ ಆಸ್ತಿಯ ಉಯಿಲೇ ಆದ್ದರಿಂದ ಗಡಿಭಾಗದ ಓದುಗರು ಹಳೆಯ ಅರ್ಥಕ್ಕೇ ಮರಳುತ್ತಾರೆ.

‘ಮುಂಗಡ ವೈದ್ಯಕೀಯ ನಿರ್ದೇಶನ’ ಎಂಬುದು ಅರ್ಥದಲ್ಲಿ ಹತ್ತಿರದ್ದು. ಆದರೆ ಬಳಕೆಯಲ್ಲಿ ಮುಂಗಡವೆಂದರೆ ಮೊದಲೇ ಕೊಟ್ಟ ಹಣ. ಆಸ್ಪತ್ರೆಯ ಕಾಗದದ ಮೇಲೆ ಆ ಪದವನ್ನು ಕಂಡವರು ಕಟ್ಟಬೇಕಾದ ಮೊತ್ತವೆಷ್ಟೆಂದು ಕೇಳಿದರೆ ಆಶ್ಚರ್ಯವಿಲ್ಲ. ಅದರ ಬದಲು ‘ಚಿಕಿತ್ಸಾ ಮುನ್ನಿರ್ದೇಶನ’ ಎನ್ನಬಹುದೆಂದು ನನಗೆ ತೋರುತ್ತದೆ. ಕನ್ನಡದ ‘ಮುನ್’ ಸಂಸ್ಕೃತ ಪದಕ್ಕೆ ಸೇರಿತೆಂದು ಆಕ್ಷೇಪಿಸುವವರಿದ್ದಾರೆ. ಮುಂಜಾಗ್ರತೆ, ಮುನ್ಸೂಚನೆಗಳನ್ನು ಒಪ್ಪಿಕೊಂಡ ಮೇಲೆ ಆ ಆಕ್ಷೇಪ ಬಲವಾಗಿ ನಿಲ್ಲಲಾರದು.

ಇದಕ್ಕಿಂತ ಗಂಭೀರವಾದದ್ದು ‘ಜೀವರಕ್ಷಕ ಸಾಧನ’ ಎಂಬ ಪ್ರಯೋಗ. ವೆಂಟಿಲೇಟರ್, ಡಯಾಲಿಸಿಸ್ ಮೊದಲಾದವು ಗುಣವಾಗಬಲ್ಲ ರೋಗಿಯ ಜೀವವನ್ನು ರಕ್ಷಿಸುತ್ತವೆ, ನಿಜ. ಗುಣವಾಗುವ ಸಾಧ್ಯತೆಯೇ ಇಲ್ಲದವರಲ್ಲಿ ಅವು ಉಸಿರಾಟವನ್ನೋ ರಕ್ತಶುದ್ಧಿಯನ್ನೋ ನಡೆಸಿಕೊಂಡು ಹೋಗುತ್ತವೆಯೇ ಹೊರತು ರೋಗವನ್ನು ಮುಟ್ಟುವುದಿಲ್ಲ. ‘ಜೀವರಕ್ಷಕವನ್ನು ತೆಗೆಯಲು ಒಪ್ಪಿಗೆಯಿದೆಯೇ’ ಎಂದು ಬರೆದ ಕಾಗದಕ್ಕೆ ಯಾವ ಮಗಳು ಸಹಿ ಹಾಕಿಯಾಳು? ರಕ್ಷಣೆಯನ್ನು ತೆಗೆಯುವುದೆಂದರೆ ಕೊಲ್ಲುವುದೆಂದೇ ಆಕೆಗೆ ಕೇಳಿಸುತ್ತದೆ. ‘ಜೀವಾಧಾರಕ ಚಿಕಿತ್ಸೆ’ ಎಂದಾಗ ಆ ಆರೋಪದ ಧ್ವನಿ ತಗ್ಗುತ್ತದೆಯೆಂದು ನನ್ನ ಎಣಿಕೆ.

ಇದೇ ಕಾರಣದಿಂದ ‘ದಯಾಮರಣ’ವನ್ನು ಮಾದರಿಯಿಂದ ಪೂರ್ತಿಯಾಗಿ ಕೈಬಿಟ್ಟಿದ್ದೇನೆ. 2018ರ ತೀರ್ಪು ‘ನಿಷ್ಕ್ರಿಯ ದಯಾಮರಣ’ ಎಂಬರ್ಥದ ಮಾತನ್ನೇ ಬಳಸಿದೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದೇ ವರ್ಷ ಪ್ರಕಟಿಸಿದ ಪದವಿವರಣೆಯಲ್ಲಿ ಆ ಮಾತನ್ನು ಬಳಸಬಾರದೆಂದಿದೆ. ಚುಚ್ಚುಮದ್ದು ಕೊಟ್ಟು ಸಾವನ್ನು ತರುವುದು ಬೇರೆ, ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸಿ ರೋಗವು ತನ್ನ ದಾರಿ ಹಿಡಿಯಲು ಬಿಡುವುದು ಬೇರೆ. ಎರಡಕ್ಕೂ ಒಂದೇ ಪದವಿದ್ದರೆ ಮನೆಯವರು ಆ ವ್ಯತ್ಯಾಸವನ್ನು ಕಾಣುವುದಾದರೂ ಹೇಗೆ?

ರೋಗಿಯ ಪರವಾಗಿ ಮಾತನಾಡಲು ಪತ್ರದಲ್ಲಿ ಹೆಸರಿಸಲಾಗುವವರನ್ನು ‘ಪೋಷಕ’ರೆಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ಎಪ್ಪತ್ತು ದಾಟಿದವರ ಪೋಷಕರನ್ನು ಎಲ್ಲಿಂದ ಕರೆತರುವುದು? ‘ನಾಮಿನಿ’ ಎಂದರೆ ಬ್ಯಾಂಕಿನ ಹಣ ಪಡೆಯುವವರು. ಸದ್ಯಕ್ಕೆ ‘ಚಿಕಿತ್ಸಾ ಪ್ರತಿನಿಧಿ’ ಎಂದು ಬರೆದುಕೊಂಡಿದ್ದೇನೆ.

ಕ್ರಿಯಾಪದಗಳ ವಿಷಯದಲ್ಲಿ ನನಗೆ ನಿಜವಾಗಿ ನೆರವು ಬೇಕು. ಮೊದಲಿಗೇ ಆರಂಭಿಸದಿರುವುದು ಒಂದು, ಆರಂಭಿಸಿದ್ದನ್ನು ನಿಲ್ಲಿಸುವುದು ಇನ್ನೊಂದು. ವೈದ್ಯರು ಇವೆರಡನ್ನೂ ಬೇರೆ ಬೇರೆಯಾಗಿ ದಾಖಲಿಸುತ್ತಾರೆ. ‘ತಡೆಹಿಡಿಯುವುದು’ ಎಂದರೆ ಸಂಬಳವನ್ನೋ ಫಲಿತಾಂಶವನ್ನೋ ತಡೆಹಿಡಿದಂತೆ ಕೊಡಬೇಕಾದದ್ದನ್ನು ಕೊಡಲಿಲ್ಲವೆಂಬ ದೂರು ಧ್ವನಿಸುತ್ತದೆ. ‘ಹಿಂತೆಗೆಯುವುದು’ ಮೊಕದ್ದಮೆಯನ್ನು ನೆನಪಿಸುತ್ತದೆ. ಆದ್ದರಿಂದ ನಾಮಪದಗಳ ಗೊಡವೆಯನ್ನೇ ಬಿಟ್ಟು ಹೀಗೆ ಬರೆದಿದ್ದೇನೆ: ‘ನಾನು ಗುಣವಾಗುವ ಸಾಧ್ಯತೆಯಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ನನ್ನನ್ನು ವೆಂಟಿಲೇಟರ್‌ಗೆ ಹಾಕಬೇಡಿ, ಹಾಕಿದ್ದರೆ ತೆಗೆಯಿರಿ. ನೋವಿಗೂ ಉಸಿರಾಟದ ಸಂಕಟಕ್ಕೂ ಕೊಡುವ ಔಷಧವನ್ನು ಮಾತ್ರ ನಿಲ್ಲಿಸಬೇಡಿ.’

ಈ ವಾಕ್ಯಗಳು ಕಾನೂನಿನ ಪತ್ರಕ್ಕೆ ತೀರಾ ಆಡುಮಾತಾದವೆಂದು ಒಬ್ಬ ವಕೀಲರು ಆಕ್ಷೇಪಿಸಿದ್ದಾರೆ. ನ್ಯಾಯಾಲಯದ ಕನ್ನಡದಲ್ಲಿ ಪಳಗಿದವರು ಇವುಗಳ ಬದಲು ಯಾವ ಕ್ರಿಯಾಪದಗಳನ್ನು ಬಳಸುತ್ತೀರಿ, ಅವು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತವರಿಗೂ ತಿಳಿಯುತ್ತವೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ‘ಮುನ್ನಿರ್ದೇಶನ’, ‘ಜೀವಾಧಾರಕ’ ಇವೆರಡಕ್ಕೆ ಇನ್ನೂ ಸಲೀಸಾದ ಪದಗಳಿದ್ದರೆ ಅವನ್ನೂ ಸೂಚಿಸಬೇಕೆಂದು ಕೋರುತ್ತೇನೆ.