ಬಟ್ಟೆ ಚೀಲ, ಸ್ಟೀಲ್ ಬಾಟಲಿ ಎಲ್ಲ ಬಂತು, ಕಸದ ಬುಟ್ಟಿ ಮಾತ್ರ ಹಾಗೇ ತುಂಬುತ್ತಿದೆ

ಪ್ರಶ್ನೆ:

ಮನೆಯಲ್ಲಿ ನಾಲ್ಕು ಜನ ಇದ್ದೇವೆ. ಕಸ ಕಡಿಮೆ ಮಾಡಬೇಕು ಅಂತ ಒಂದು ವರ್ಷದಿಂದ ಒದ್ದಾಡುತ್ತಿದ್ದೇನೆ. ಹತ್ತಿ ಬಟ್ಟೆಯ ಚೀಲಗಳೇ 11 ಆಗಿವೆ. ಬಿದಿರಿನ ಬ್ರಷ್, ಸ್ಟೀಲ್ ಬಾಟಲಿ ತಂದಾಯಿತು. ಹಳೇ ಪ್ಲಾಸ್ಟಿಕ್ ಡಬ್ಬಿಗಳನ್ನು ಹೊರಗೆ ಹಾಕಿ ಗಾಜಿನವು ತಂದೆ. ಆದರೂ ಎರಡು ದಿನಕ್ಕೊಮ್ಮೆ ಬುಟ್ಟಿ ತುಂಬುತ್ತದೆ. ಮೊನ್ನೆ ಮಗಳು ಕೇಳಿದಳು, "ಅಮ್ಮ, ನಾವು ಕಸ ಕಡಿಮೆ ಮಾಡ್ತಿದ್ದೀವಾ, ಇಲ್ಲಾ ಸುಮ್ನೆ ಬೇರೆ ಸಾಮಾನು ತರ್ತಿದ್ದೀವಾ?" ಏನು ಹೇಳಬೇಕೋ ತಿಳಿಯಲಿಲ್ಲ.

ಇನ್ನೊಂದು ಬೇಜಾರು. 'ಬಯೋಡಿಗ್ರೇಡಬಲ್', ಅಂದರೆ ತಾನಾಗಿ ಕೊಳೆತು ಕರಗುತ್ತದೆ ಅಂತ ಬರೆದ ಕಸದ ಚೀಲ ತಂದಿದ್ದೆ. ಒಂದನ್ನು ಹೂಕುಂಡದ ಮಣ್ಣಲ್ಲಿ ಹೂತಿಟ್ಟೆ. ಎಂಟು ತಿಂಗಳ ಮೇಲೆ ತೆಗೆದರೆ ಅದರ ಮೇಲಿನ ಅಕ್ಷರ ಕೂಡ ಮಾಸಿರಲಿಲ್ಲ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ 1:

ಅಕ್ಕ, ಒಂದು ವಾರ ಹೊಸದೇನೂ ತರಬೇಡಿ. ಬುಟ್ಟಿಯಲ್ಲಿ ಏನು ಬೀಳುತ್ತಿದೆ ಅಂತ ಮೊದಲು ನೋಡಿ. ನಾನು ಲಗೇಜು ತೂಗುವ ಕೈತಕ್ಕಡಿ ಇಟ್ಟುಕೊಂಡು ಏಳು ದಿನ ತೂಗಿದೆ. ಹಸಿ ಕಸ, ಕಾಗದ, ಗಟ್ಟಿ ಪ್ಲಾಸ್ಟಿಕ್, ಪ್ಯಾಕೆಟ್ ಕವರ್ ಬೇರೆ ಬೇರೆ. ನನ್ನ ತಲೆಯಲ್ಲಿದ್ದದ್ದು ಬರೀ ಪ್ಲಾಸ್ಟಿಕ್. ತಕ್ಕಡಿ ತೋರಿಸಿದ್ದು ಅಡುಗೆಮನೆಯನ್ನು. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ ಇತ್ತು. ಅದರಲ್ಲೂ ಸಿಪ್ಪೆಗಿಂತ, ತಂದು ಮರೆತು ಕೊಳೆತದ್ದು, ಮಾಡಿ ಮಿಕ್ಕಿದ್ದು ಹೆಚ್ಚು. ಅದನ್ನು ನೋಡಿ ನಿಜಕ್ಕೂ ಸಂಕಟವಾಯಿತು.

ಇದು ನಮ್ಮಿಬ್ಬರ ಮನೆಯ ಕಥೆಯಷ್ಟೇ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಯಿತು. ಅದರಲ್ಲಿ ಸುಮಾರು 60 ಶೇಕಡಾ ಮನೆಗಳಿಂದಲೇ. ಅದು ಕಸದ ಗುಡ್ಡದಡಿ ಗಾಳಿಯಿಲ್ಲದೆ ಕೊಳೆತರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಡುತ್ತದೆ.

ನಾನು ಮಾಡಿದ್ದು ಇಷ್ಟೇ. ಫ್ರಿಜ್‌ನ ಮುಂದಿನ ಸಾಲನ್ನು 'ಮೊದಲು ಇದನ್ನ ಮುಗಿಸಿ' ಅಂತ ಬಿಟ್ಟೆ. ಫ್ರಿಜ್ ತೆರೆದು ನೋಡದೆ ಪಟ್ಟಿ ಬರೆಯುವುದನ್ನು ನಿಲ್ಲಿಸಿದೆ. 'ಬೆಸ್ಟ್ ಬಿಫೋರ್' ದಿನ ದಾಟಿತು ಅಂತ ನೋಡದೆ ಎಸೆಯುತ್ತಿದ್ದೆ, ಅದನ್ನೂ ಬಿಟ್ಟೆ. ಆ ದಿನಾಂಕ ರುಚಿ, ಗರಿಗರಿತನದ ಬಗ್ಗೆ ಹೇಳುತ್ತದೆ. 'ಯೂಸ್ ಬೈ' ಅಂತ ಇದ್ದರೆ ಮಾತ್ರ ಅದು ಸುರಕ್ಷತೆಯ ಮಾತು, ಅದನ್ನು ದಾಟಿಸಬೇಡಿ.

ಉತ್ತರ 2:

ಚೀಲದ ವಿಷಯ ಹೇಳುತ್ತೇನೆ. 'ಬಯೋಡಿಗ್ರೇಡಬಲ್' ಅನ್ನುವ ಒಂದೇ ಮಾತು ಎಷ್ಟು ದಿನದಲ್ಲಿ, ಎಲ್ಲಿ ಕರಗುತ್ತದೆ ಅಂತ ಹೇಳುವುದಿಲ್ಲ. 'ಕಾಂಪೋಸ್ಟಬಲ್' (ಗೊಬ್ಬರವಾಗಬಲ್ಲದ್ದು) ಅಂತ ಇದ್ದು ಇಎನ್ 13432 ಅನ್ನುವ ಯುರೋಪಿನ ಗುಣಮಟ್ಟದ ಗುರುತಿದ್ದರೂ, ಅದು ದೊಡ್ಡ ಗೊಬ್ಬರ ಘಟಕಗಳ ಲೆಕ್ಕ. ಅಲ್ಲಿ ಶಾಖ 58 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಹೂಕುಂಡದ ಮಣ್ಣು ಅಷ್ಟು ಬಿಸಿ ಎಲ್ಲಿಂದ ಆಗಬೇಕು? ತಪ್ಪು ನಿಮ್ಮದಲ್ಲ.

ಪ್ಲಾಸ್ಟಿಕ್ ಸಾಮಾನಿನ ಮೇಲಿರುವ ತ್ರಿಕೋನದೊಳಗಿನ ಅಂಕಿಯೂ ಹಾಗೇ. 1ರಿಂದ 7ರವರೆಗಿನ ಆ ಅಂಕಿ ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ, ಅಷ್ಟೇ. ಮರುಬಳಕೆ ಆಗಿಯೇ ಆಗುತ್ತದೆ ಅನ್ನುವ ಭರವಸೆ ಅಲ್ಲ. 1 ಮತ್ತು 2 ಸಾಮಾನ್ಯವಾಗಿ ಆಗುತ್ತವೆ. ಕುರುಕಲು ತಿಂಡಿಯ ಹೊಳೆಯುವ ಪ್ಯಾಕೆಟ್‌ನಲ್ಲಿ ಪ್ಲಾಸ್ಟಿಕ್, ಲೋಹ ಪದರ ಪದರವಾಗಿ ಅಂಟಿರುತ್ತವೆ. ಬಿಡಿಸುವುದು ಬಹಳ ಕಷ್ಟ. ಕಪ್ಪು ಪ್ಲಾಸ್ಟಿಕ್ ತಟ್ಟೆಗಳು ಕೂಡ ತೊಂದರೆಯೇ. ವಿಂಗಡಿಸುವ ಯಂತ್ರದ ಇನ್‌ಫ್ರಾರೆಡ್ ಬೆಳಕನ್ನು ಆ ಕಪ್ಪು ಬಣ್ಣ ನುಂಗಿಬಿಡುತ್ತದೆ, ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಇವೆರಡನ್ನು ತರುವುದು ಕಡಿಮೆ ಮಾಡಿದರೆ ಸಾಕಷ್ಟು ವ್ಯತ್ಯಾಸ ಕಾಣುತ್ತದೆ.

ಉತ್ತರ 3:

ಇರುವ 11 ಚೀಲ ಸಾಕು ಅಕ್ಕ, ಇನ್ನು ಯಾರು ಕೊಟ್ಟರೂ ಬೇಡ ಅನ್ನಿ. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2011ರಲ್ಲಿ ಲೆಕ್ಕ ಹಾಕಿತ್ತು. ಒಂದೇ ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಹವಾಮಾನದ ಲೆಕ್ಕದಲ್ಲಿ ಹತ್ತಿ ಚೀಲವನ್ನು 131 ಸಲ ಬಳಸಿದ ಮೇಲೆ ಸರಿಸಮ. ವಾರಕ್ಕೆ ಎರಡು ಸಲ, ಒಂದೊಂದೇ ಚೀಲ ಹಿಡಿದು ಹೋದರೆ 11 ಚೀಲಕ್ಕೂ ಆ ಲೆಕ್ಕ ಮುಟ್ಟಲು ಹೆಚ್ಚುಕಡಿಮೆ 14 ವರ್ಷ ಬೇಕು. ಹತ್ತಿ ಬೆಳೆಯಲು, ನೇಯಲು ಅಷ್ಟು ನೀರು, ಗೊಬ್ಬರ, ವಿದ್ಯುತ್ ಹೋಗಿರುತ್ತದೆ. ಅದಕ್ಕೇ ಹರಿದರೆ ಹೊಲಿಯಿರಿ. ಗಟ್ಟಿಯಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನೂ ಹೊರಗೆ ಹಾಕಬಾರದಿತ್ತು, ಮೊಳೆ, ಗುಂಡಿ, ಬೀಜ ಹಾಕಿಡಲು ಆಗುತ್ತಿತ್ತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಎರಡು ವಾರ ತೂಗಿದೆ. ಮೊದಲ ವಾರ ಹಸಿ ಕಸ 6.2 ಕಿಲೋ, ಉಳಿದದ್ದೆಲ್ಲ ಸೇರಿ 2.9 ಕಿಲೋ. ಮಗಳೇ ತಕ್ಕಡಿ ಹಿಡಿದಳು. ಸೊಪ್ಪಿನ ಎರಡು ಕಟ್ಟು ಕಟ್ಟು ಬಿಚ್ಚದೇ ಬುಟ್ಟಿಗೆ ಹೋಗಿದ್ದನ್ನು ನೋಡಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಎರಡನೇ ವಾರ ಫ್ರಿಜ್‌ನ ಮುಂದಿನ ಸಾಲು ಶುರು ಮಾಡಿದೆವು. ಹಸಿ ಕಸ 4.1 ಕಿಲೋಗೆ ಇಳಿಯಿತು. ಈಗ ಬುಟ್ಟಿ ಮೂರು ದಿನ ಬರುತ್ತಿದೆ. ಸಿಪ್ಪೆಗೆ ಒಂದು ಹಳೇ ಬಕೆಟ್‌ಗೆ ತೂತು ಕೊರೆದು ಕಾಂಪೋಸ್ಟ್ ಶುರು ಮಾಡಿದ್ದೇನೆ, ಒಣ ಎಲೆ ಸೇರಿಸುತ್ತಿದ್ದೇನೆ. ಹೊಸ ಡಬ್ಬ ತರಲಿಲ್ಲ.

ಒಂದೇ ಒಂದು ಅನುಮಾನ. ಆ 'ಬಯೋಡಿಗ್ರೇಡಬಲ್' ಕಸದ ಚೀಲಗಳು ಇನ್ನೂ 18 ಉಳಿದಿವೆ. ಏನು ಮಾಡಲಿ?

ಉತ್ತರ 2 ಬರೆದವರು:

ಒಣ ಕಸಕ್ಕೆ ಬಳಸಿ ಮುಗಿಸಿ. ಕಾಂಪೋಸ್ಟ್ ಬಕೆಟ್‌ಗೆ ಮಾತ್ರ ಹಾಕಬೇಡಿ. ಬಕೆಟ್ ವಾಸನೆ ಬಂದರೆ ಒಣ ಎಲೆ ಇನ್ನಷ್ಟು ಹಾಕಿ, ಒಮ್ಮೆ ಕೆದಕಿ.