ಟ್ರಿಗರ್ಸ್: ಮಳೆ ಸೊನ್ನೆ ಕೊಟ್ಟರೂ ಗುಡ್ಡವೆಲ್ಲ ಕೆಂಪು

ಧರೆಮೂಲೆ:
ಟ್ರಿಗರ್ಸ್ (ಮಳೆಗೆ ಗುಡ್ಡ ಎಲ್ಲಿ ಜಾರಬಹುದು ಎಂದು ಲೆಕ್ಕ ಹಾಕುವ ತಂತ್ರಾಂಶ) ಓಡಿಸುತ್ತಿದ್ದೇನೆ, ಮೂರು ದಿನದಿಂದ ಇದೇ ಗೋಳು. ಆಗುಂಬೆ ಕಡೆಯ ಗುಡ್ಡ, ಎತ್ತರದ ನಕ್ಷೆ 30 ಮೀ. ಚೌಕದ ಎಸ್‌ಆರ್‌ಟಿಎಂ. ಮಳೆ ಸೊನ್ನೆ ಕೊಟ್ಟರೂ ಕಡಿದಾದ ಕಡೆಯೆಲ್ಲ ಎಫ್‌ಎಸ್ (ಸುರಕ್ಷತಾ ಅಂಕ) 1ಕ್ಕಿಂತ ಕೆಳಗೆ, ಅಂದರೆ ಜಾರುವ ಕೆಂಪು. ಮಣ್ಣಿನ ಅಂಕಿಗಳೆಲ್ಲ ಲ್ಯಾಬ್ ವರದಿಯವೇ. ತಪ್ಪೆಲ್ಲಿ?

ಕಣಿವೆನಕ್ಷೆ:
ಡಿಇಎಂ (ಆ ಎತ್ತರದ ನಕ್ಷೆ) ಡಿಗ್ರಿಯಲ್ಲೇ ಉಳಿದಿದೆ. ಎತ್ತರ ಮೀಟರಲ್ಲಿ, ಉದ್ದಗಲ ಡಿಗ್ರಿಯಲ್ಲಿ ಇದ್ದರೆ ಗದ್ದೆಬಯಲೂ ಗೋಡೆಯಾಗುತ್ತದೆ. ಮೀಟರಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿ.

ಧರೆಮೂಲೆ:
43ರಲ್ಲೇ ಇದೆ. ಗರಿಷ್ಠ ಇಳಿಜಾರು 41 ಡಿಗ್ರಿ.

ಕಣಿವೆನಕ್ಷೆ:
ಹಾಗಾದರೆ ಬದಲಿಸುವಾಗ ನಿಯರೆಸ್ಟ್ (ಹತ್ತಿರದ ಚೌಕದ ಎತ್ತರವನ್ನೇ ನಕಲಿಸುವ ವಿಧಾನ) ಇಟ್ಟಿರುತ್ತೀರಿ, ಮೆಟ್ಟಿಲು ಬಿದ್ದಿರುತ್ತದೆ. ಅಕ್ಕಪಕ್ಕದ ಎತ್ತರ ಬೆರೆಸುವ ಬೈಲಿನಿಯರ್ ಇಟ್ಟು ಮತ್ತೆ ತೆಗೆಯಿರಿ. ಡಿಇಎಂದೇ ತೊಂದರೆ.

ಮಳೆಮಾಪಕ:
ದಿನದ 300 ಮಿ.ಮೀ. ಅನ್ನು 24ರಿಂದ ಭಾಗಿಸಿ ಕೊಡಬೇಡಿ. ಪುಷ್ಯ ಮಳೆ ಹಾಗೆ ಸಮನಾಗಿ ಹೊಯ್ಯುವುದಿಲ್ಲ.

ಕಣಿವೆನಕ್ಷೆ:
ಮಳೆ ಸೊನ್ನೆ ಅಂತ ಬರೆದಿದ್ದಾರಲ್ಲ, ಓದಿ.

ಮಳೆಮಾಪಕ:
ನಾಳೆ ಮಳೆ ಹಾಕಲೇಬೇಕಲ್ಲ?

ಶೇಡಿಮಣ್ಣು:
ಮಣ್ಣಿನ ಸಾಲು ಹಾಕಿ, ನೋಡೋಣ.

ಧರೆಮೂಲೆ:
ಕೊಹೆಷನ್ (ಮಣ್ಣಿನ ಅಂಟು) 8, ಫ್ರಿಕ್ಷನ್ ಕೋನ 30, ತೂಕ 18000, ದಪ್ಪ 2, ನೀರಿನ ಮಟ್ಟದ ಆಳ 2, ಕೆ-ಸ್ಯಾಟ್ (ನೀರು ತುಂಬಿದ ಮಣ್ಣಿನಲ್ಲಿ ಇಂಗುವ ವೇಗ, ಸೆಕೆಂಡಿಗೆ ಮೀ.) 0.000001.

ಶೇಡಿಮಣ್ಣು:
ಸಿಕ್ಕಿತು. ಆ 8 ಕಿಲೊಪ್ಯಾಸ್ಕಲ್. ಟ್ರಿಗರ್ಸ್ ಓದುವುದು ಪ್ಯಾಸ್ಕಲ್, 8000 ಕೊಡಿ. 35 ಡಿಗ್ರಿ ಇಳಿಜಾರಿಗೆ ಕೈಲೆಕ್ಕ ಹಾಕಿ: ಸುರಕ್ಷತಾ ಅಂಕದಲ್ಲಿ ಫ್ರಿಕ್ಷನ್ ಪಾಲು 0.82. ಅದೊಂದೇ ಆದರೆ ಕೆಂಪೇ. ಕೊಹೆಷನ್ ಪಾಲು 0.47 ಸೇರಿದರೆ ಸುಮಾರು 1.30. ನೀರು ಮೇಲ್ಮೈವರೆಗೆ ತುಂಬಿದರೆ 0.45 ಕಳೆದು 0.85. ಬೇಸಿಗೆಯಲ್ಲಿ ನಿಂತ ಗುಡ್ಡ ಮಳೆಗಾಲದಲ್ಲಿ ಜಾರುವುದು ಆ 0.45ರಿಂದ.

ಧರೆಮೂಲೆ:
ಕೆಂಪು ಹೋಯಿತು! ಈಗ ಗಂಟೆಗೆ 40 ಮಿ.ಮೀ.ನಂತೆ ಆರು ಗಂಟೆ ಸುರಿಸಿದರೂ ಏನೂ ಜಾರುತ್ತಿಲ್ಲ.

ಶೇಡಿಮಣ್ಣು:
ನಿಮ್ಮ ಕೆ-ಸ್ಯಾಟ್ ಅಂದರೆ ಗಂಟೆಗೆ 3.6 ಮಿ.ಮೀ. ಅಷ್ಟೇ ಇಂಗುತ್ತದೆ, ಮಿಕ್ಕಿದ್ದನ್ನು ಕೆಳಗಿನ ಚೌಕಕ್ಕೆ ಹರಿಸುತ್ತದೆ. 40ರ ಬದಲು 80 ಕೊಟ್ಟರೂ ಅಲ್ಲಿ ವ್ಯತ್ಯಾಸ ಬಾರದು. ಲ್ಯಾಬಿನ ಉಂಗುರದೊಳಗಿನ ಮಣ್ಣಿನಲ್ಲಿ ಜಂಬಿಟ್ಟಿಗೆಯ ಬಿರುಕು, ಬೇರು ಕೊಳೆತು ಉಳಿದ ಕೊಳವೆ ಇರುವುದಿಲ್ಲ. ಗುಡ್ಡದಲ್ಲಿ ನೀರು ಇಳಿಯುವುದೇ ಅಲ್ಲಿ. ಕೆ-ಸ್ಯಾಟ್ ಹತ್ತುಪಟ್ಟು ಮಾಡಿ ನೋಡಿ. ಆರಂಭದ ನೀರಿನ ಮಟ್ಟ 2 ಮೀ. ಅನ್ನುವುದು ಬೇಸಿಗೆಯ ಲೆಕ್ಕ. 0.8 ಕೊಟ್ಟರೆ ಅದೇ ಇಳಿಜಾರು 1.03ರಿಂದ ಶುರುವಾಗುತ್ತದೆ, ನೀರು ಇನ್ನು 12–13 ಸೆಂ.ಮೀ. ಏರಿದರೆ ಸಾಕು.

ಕಣರಾಶಿ:
ಎಂಪಿಎಂಗೆ (ಮಣ್ಣನ್ನು ಕಣಗಳಾಗಿ ಹರಿಸಿ ನೋಡುವ ವಿಧಾನ) ಬನ್ನಿ. ಟ್ರಿಗರ್ಸ್ ಎಲ್ಲಿ ಜಾರಬಹುದು ಅನ್ನುತ್ತದೆ, ಮಣ್ಣು ಎಲ್ಲಿಯವರೆಗೆ ಹರಿದು ನಿಲ್ಲುತ್ತದೆ ಅನ್ನುವುದಿಲ್ಲ. 24 ಜಿಬಿ ಜಿಪಿಯುನಲ್ಲಿ ನನ್ನ 40 ಲಕ್ಷ ಕಣ ಸಲೀಸಾಗಿ ಓಡುತ್ತವೆ.

ಧರೆಮೂಲೆ:
ಅಷ್ಟು ದೂರ ಬೇಡ. ರಸ್ತೆಗೆ ಕಡಿದ 6 ಮೀ. ಧರೆ ನಿಲ್ಲುತ್ತದಾ ಅಂತ ತಿಳಿದರೆ ಸಾಕು.

ಶೇಡಿಮಣ್ಣು:
ಇದನ್ನು ಮೊದಲೇ ಹೇಳಬೇಕಿತ್ತು. 30 ಮೀ. ಚೌಕದಲ್ಲಿ ಆ ಧರೆ ಇಲ್ಲವೇ ಇಲ್ಲ. ಟೇಪ್ ಹಿಡಿದು ಅಡ್ಡಕೊಯ್ತ ಅಳೆಯಿರಿ, ಜಾರುವ ಮಣ್ಣನ್ನು ಹೋಳು ಮಾಡಿ ನೋಡುವ ಬಿಷಪ್ ವಿಧಾನದಲ್ಲಿ ಲೆಕ್ಕ ಹಾಕೋಣ. ಜಂಬಿಟ್ಟಿಗೆ ಮುಗಿದು ಅದರಡಿಯ ಮೆತ್ತನೆ ಶೇಡಿಮಣ್ಣು ಶುರುವಾಗುವುದು ಬುಡದಿಂದ ಎಷ್ಟು ಎತ್ತರದಲ್ಲಿ? ಅಲ್ಲಿ ಒರತೆ ಜಿನುಗುತ್ತಿದೆಯಾ?