ಮೊದಲ ಜೇನುಪೆಟ್ಟಿಗೆ: ಪತ್ತನಾಜೆಗೆ ಮೊದಲೋ, ದೀಪಾವಳಿಯ ಮೇಲೋ?

ಪೆರ್ಲ (ಕೇಳಿದವರು; ಇಲ್ಲಿ ಎಲ್ಲರನ್ನೂ ಅವರವರ ಊರಿನ ಹೆಸರಿನಿಂದ ಗುರುತಿಸಿದೆ): ನಮ್ಮದು ಎರಡು ಎಕ್ರೆ ಅಡಿಕೆ ತೋಟ, ಬದಿಯಲ್ಲಿ ತೆಂಗು, ಗುಡ್ಡದಾಚೆ ನೆರೆಯವರ ರಬ್ಬರ್ ಇದೆ. ಜೇನು ಸಾಕಿದ ಅನುಭವವಿಲ್ಲ. ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಮುನ್ನ ಬರುವ ತುಳುನಾಡಿನ ಆಚರಣೆಯ ದಿನ) ಒಂದು ವಾರವಿರುವಾಗ ಒಬ್ಬರು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಕುಟುಂಬವನ್ನು ಪೆಟ್ಟಿಗೆ ಸಮೇತ 3,800 ರೂಪಾಯಿಗೆ ಕೊಡುತ್ತೇನೆ, ದೀಪಾವಳಿಗಾದರೆ 5,000 ಬೇಕಾದೀತು ಎನ್ನುತ್ತಿದ್ದಾರೆ. ಈಗಲೇ ತರುವುದೋ, ಮಳೆಗಾಲ ಕಳೆಯಲೆಂದು ಕಾಯುವುದೋ ತಿಳಿಸಬೇಕಾಗಿ ವಿನಂತಿ.

ಮುಳ್ಳೇರಿಯ: ನಾನು ತಂದದ್ದೂ ಮೇ ತಿಂಗಳಲ್ಲಿಯೇ, ಅಗ್ಗವೆಂಬ ಆಸೆಯಿಂದಲೇ. ಪೆಟ್ಟಿಗೆಯೊಂದಕ್ಕೆ 4,200ರಂತೆ ನಾಲ್ಕಕ್ಕೆ 16,800, ಕಬ್ಬಿಣದ ಸ್ಟ್ಯಾಂಡುಗಳಿಗೆ 1,400, ರಿಕ್ಷಾ ಬಾಡಿಗೆ 900, ಸಕ್ಕರೆ 11 ಕಿಲೋ ಕಿಲೋಗೆ 44ರಂತೆ 484. ಒಟ್ಟು 19,584 ರೂಪಾಯಿ. ಲೆಕ್ಕ ಬರೆದಿಟ್ಟ ಡೈರಿ ಈಗಲೂ ಮೇಜಿನ ಮೇಲಿದೆ. ಜೂನ್ ಕೊನೆಗೆ ಮೊದಲ ಪೆಟ್ಟಿಗೆ ಖಾಲಿಯಾಯಿತು, ಹುಳುಗಳು ಎಲ್ಲಿಗೆ ಹೋದವೆಂದು ಯಾರಿಗೂ ಗೊತ್ತಿಲ್ಲ. ಎರಡನೆಯದು ಇರುವೆಗಳ ಪಾಲಾಯಿತು. ಸ್ಟ್ಯಾಂಡಿನ ಬಟ್ಟಲಿನಲ್ಲಿ ನೀರಿದ್ದರೂ ಗಾಳಿಗೆ ಬಾಗಿದ ಹುಲ್ಲಿನ ಒಂದು ಎಸಳು ಅವುಗಳಿಗೆ ಸಂಕವಾಗಿತ್ತು. ಆಟಿಯಲ್ಲಿ (ಜುಲೈ-ಆಗಸ್ಟ್) ಮೂರನೆಯದರ ಮುಚ್ಚಳ ತೆರೆದಾಗ ಎರಿಗಳ (ಹುಳುಗಳು ಕಟ್ಟುವ ಮೇಣದ ತಟ್ಟೆಗಳ) ನಡುವೆ ಹಳೆಯ ಹತ್ತಿಯಂತೆ ಬಿಳಿ ಬಲೆ, ಅದರೊಳಗೆ ನುಸುಳುವ ಮೇಣದ ಹುಳುಗಳು (ಎರಿ ತಿನ್ನುವ ಪತಂಗದ ಮರಿಗಳು), ಅಡಿಹಲಗೆಯ ಮೇಲೆ ಕರಿಯ ಹಿಕ್ಕೆ. ಆ ವಾಸನೆ ಕೈಯಿಂದ ಎರಡು ದಿನ ಹೋಗಲಿಲ್ಲ. ನಾಲ್ಕನೆಯದರಲ್ಲಿ ಮುಷ್ಟಿಯಷ್ಟು ಹುಳುಗಳು ಉಳಿದಿದ್ದವು, ಸೋಣದಲ್ಲಿ (ಆಗಸ್ಟ್-ಸೆಪ್ಟೆಂಬರ್) ಅವೂ ಹೋದವು. ಮಾರಿದವರಿಗೆ ಫೋನ್ ಮಾಡಿದರೆ, "ಮಳೆಗಾಲದಲ್ಲಿ ಹಾಗೆಯೇ" ಎಂದರು. ಅದು ಅವರಿಗೆ ಮೇ ತಿಂಗಳಲ್ಲಿ ಗೊತ್ತಿರಲಿಲ್ಲವೇ?

ಅಡೂರು: ಹಣ ಕೊಟ್ಟು ತಂದರೆ ಹೀಗೆಯೇ ಆಗುವುದು. ನಾನು ಒಂದು ರೂಪಾಯಿಯನ್ನೂ ಕೊಟ್ಟವನಲ್ಲ. ನಮ್ಮ ಹಳೆಯ ಹಟ್ಟಿಯ ಮುರಕಲ್ಲಿನ ಗೋಡೆಯ ಬಿರುಕಿನಲ್ಲಿ ತುಡುವೆ ಕೂತಿತ್ತು. ಡಿಸೆಂಬರಿನ ಒಂದು ಸಂಜೆ ಎರಡು ಕಲ್ಲು ತೆಗೆದು, ಎರಿಗಳನ್ನು ಒಂದೊಂದಾಗಿ ಕೊಯ್ದು, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ರಾಣಿ ಒಳಗೆ ಹೋದುದನ್ನು ಕಣ್ಣಾರೆ ಕಂಡ ಮೇಲೆಯೇ ಪೆಟ್ಟಿಗೆ ಮುಚ್ಚಿದೆ. ಮೂರನೇ ದಿನ ನೋಡಿದಾಗ ನಾರನ್ನು ಕಚ್ಚಿ ತುಂಡು ಮಾಡಿ ಬಾಗಿಲಿನಿಂದ ಹೊರಗೆ ಎಳೆದುಹಾಕುತ್ತಿದ್ದವು. ಇಂದು ನನ್ನಲ್ಲಿ 22 ಪೆಟ್ಟಿಗೆಗಳಿವೆ. ಸಕ್ಕರೆ ನೀರು ಕುಡಿಸುವವರ ಜೇನನ್ನು ಜೇನೆಂದು ನಾನು ಒಪ್ಪುವುದಿಲ್ಲ.

ಬಂದಡ್ಕ: ಅಡೂರಿನ ಅಣ್ಣನ ಕೊನೆಯ ಮಾತಿಗೆ ನನ್ನ ತೀವ್ರ ಆಕ್ಷೇಪವಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೊರಗೆ ಮಕರಂದವಿಲ್ಲ, ಇದ್ದರೂ ಹಾರಲು ಮಳೆ ಬಿಡುವುದಿಲ್ಲ. ಆಗ ವಾರಕ್ಕೊಮ್ಮೆ ಸಮಪಾಲು ಸಕ್ಕರೆ ನೀರು ಕೊಡುವುದು ಕುಟುಂಬದ ಜೀವ ಉಳಿಸುವುದಕ್ಕೆ, ಬಾಟಲಿ ತುಂಬಿಸುವುದಕ್ಕಲ್ಲ. ಜೇನುಕೋಣೆ (ಜೇನು ತುಂಬಲು ಪೆಟ್ಟಿಗೆಯ ಮೇಲಿಡುವ ಕೋಣೆ) ಏರಿಸುವ ಮೊದಲೇ ಅದು ನಿಂತಿರುತ್ತದೆ. ನಾನು ಎರಡು ಕುಟುಂಬಗಳನ್ನು ಅಕ್ಟೋಬರಿನಲ್ಲಿ ತಂದವನು. ನವೆಂಬರಿನಲ್ಲಿ ಗಂಡುಹುಳುಗಳು ಕಂಡವು, ಕೆಲಸದ ಹುಳುಗಳು ರಾಣಿಕೋಶ (ಹೊಸ ರಾಣಿ ಬೆಳೆಯುವ ಕೋಶ) ಕಟ್ಟಿದವು, ಕುಟುಂಬಗಳನ್ನು ಪಾಲು ಮಾಡಿ ನಾಲ್ಕು ಮಾಡಿದೆ. ಎಲೆ ಉದುರಿದ ರಬ್ಬರ್ ಜನವರಿಯಲ್ಲಿ ಚಿಗುರಿದಾಗ ಮಕರಂದ ಒಸರುವುದು ಹೂವಿನಿಂದಲ್ಲ, ಮೂರು ಎಲೆ ಸೇರುವ ತೊಟ್ಟಿನ ತುದಿಯ ಗ್ರಂಥಿಗಳಿಂದ; ಬೆಳಗ್ಗೆ ಬೆರಳಿಟ್ಟರೆ ಅಂಟುತ್ತದೆ. ಮಾರ್ಚ್ ಮುಗಿಯುವಾಗ 23 ಕಿಲೋ ಸಿಕ್ಕಿತು. ಆದರೆ ಅವಸರದಿಂದ, ಮೇಣದ ಮುಚ್ಚಳ ಪೂರ್ತಿ ಕಟ್ಟದ ಎರಿಗಳನ್ನೂ ಜೇನು ತೆಗೆಯುವ ಯಂತ್ರಕ್ಕೆ ಹಾಕಿದ್ದೆ. ಮೊದಲೇ ರಬ್ಬರ್ ಜೇನಿನಲ್ಲಿ ನೀರಿನಂಶ ಹೆಚ್ಚು. ಆರು ಕಿಲೋ ಹುಳಿಬಂದು, ಅಟ್ಟದಲ್ಲಿಟ್ಟ ಬಾಟಲಿಯ ಬಿರಡೆ ರಾತ್ರಿ ಸಿಡಿದು ಮನೆಯವರೆಲ್ಲ ಎದ್ದು ಕೂತರು. ಮರುವರ್ಷ ಚಿಗುರೆಲೆಗೆ ಬೂದಿರೋಗ ಬಂದು ಎಲ್ಲ ಉದುರಿತು. ನಾಲ್ಕು ಪೆಟ್ಟಿಗೆಗಳಿಂದ ಐದೇ ಕಿಲೋ.

ಅಡೂರು: ಸಕ್ಕರೆಯ ಸಮರ್ಥನೆಗೆ ಇಷ್ಟು ಉದ್ದದ ಬರಹವೇ? ನನ್ನ ಪೆಟ್ಟಿಗೆಗಳು ಮಳೆಗಾಲ ದಾಟುವುದು ನಾನು ಅವುಗಳ ಪಾಲಿನ ಜೇನನ್ನು ಬಿಟ್ಟು ತೆಗೆಯುವುದರಿಂದ. ಮುಳ್ಳೇರಿಯದವರು ಹುಳು ಕೂರದ ಖಾಲಿ ಎರಿಗಳನ್ನು ಜೂನ್‌ಗೆ ಮೊದಲೇ ಹೊರತೆಗೆದಿದ್ದರೆ ಮೇಣದ ಹುಳಕ್ಕೆ ಜಾಗವೇ ಇರುತ್ತಿರಲಿಲ್ಲ.

ಮುಳ್ಳೇರಿಯ: ಅದನ್ನು ನನಗೆ ಹೇಳಬೇಕಾದವರು ಮಾರಿದವರು. ಹೊಸಬನಿಗೆ ಯಾವ ಎರಿ ಖಾಲಿ, ಯಾವುದು ಬೇಕಾದದ್ದು ಎಂದು ಹೇಗೆ ತಿಳಿಯಬೇಕು? 22 ಪೆಟ್ಟಿಗೆಯ ಅಹಂಕಾರ ನನಗೆ ಬೇಡ.

ಅಡೂರು: ಮಾರಿದವರ ಹೆಸರು ಹೇಳಿ, ನಾಲ್ಕು ಜನರಿಗೆ ಉಪಕಾರವಾಗಲಿ.

ಮುಳ್ಳೇರಿಯ: ಹೇಳುವುದಿಲ್ಲ. ಅವರು ನನ್ನ ಹೆಂಡತಿಯ ಕಡೆಯ ನೆಂಟರು.

ಎಣ್ಮಕಜೆ: ನನಗೆ ಎಪ್ಪತ್ತು ದಾಟಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ, ಸಿಂಪಡಣೆಯ ಮರುದಿನ ಪೆಟ್ಟಿಗೆಯ ಬಾಗಿಲಿನ ಎದುರು ಸತ್ತ ಹುಳುಗಳನ್ನು ಗೆರಸೆಯಲ್ಲಿ ತುಂಬಿದವನು ನಾನು. ಅದರ ನಡುವೆಯೂ 34 ಪೆಟ್ಟಿಗೆಗಳನ್ನು ಉಳಿಸಿಕೊಂಡಿದ್ದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಜೇನುಹುಳುಗಳ ರೋಗ ಬಂತು. ಮರಿಹುಳು ಕೋಶದೊಳಗೆ ತಲೆ ಎತ್ತಿ, ನೀರು ತುಂಬಿದ ಚೀಲದಂತಾಗಿ ಸಾಯುತ್ತಿತ್ತು. ಚಿಮುಟದಲ್ಲಿ ಎತ್ತಿದರೆ ಒಡೆಯದೆ ಚೀಲವೇ ಬರುತ್ತಿತ್ತು. ವೈರಸ್ ರೋಗವಾದುದರಿಂದ ಮದ್ದಿಲ್ಲ. ಕೊನೆಗೆ ನನ್ನಲ್ಲಿ ಉಳಿದದ್ದು ಎರಡು, ಈಗಿರುವವೆಲ್ಲ ಅವುಗಳ ಸಂತತಿ. ಸಕ್ಕರೆಯ ಜಗಳವನ್ನು ನೀವಿಬ್ಬರೂ ಬೇರೆಡೆ ಮುಗಿಸಿಕೊಳ್ಳಿ. ಪೆರ್ಲದ ತಮ್ಮ ಮೇ ತಿಂಗಳಲ್ಲಿ ತಂದರೆ ಕೊಂಡ ಮರುವಾರದಿಂದಲೇ ಸಾಕುವ ಖರ್ಚು ಅವನದು, ಗಳಿಕೆ ಎಂಟು ತಿಂಗಳ ಆಚೆಗೆ. ಉಳಿಯುವ 1,200 ರೂಪಾಯಿ ಸಕ್ಕರೆಗೂ ಚಿಂತೆಗೂ ಸಾಲದು. ಮಳೆಗಾಲ ಗೆದ್ದ ಕುಟುಂಬವನ್ನೇ, ಅದೇ ವರ್ಷದ ರಾಣಿ ಇದೆಯೆಂದು ನೋಡಿ, ಅಕ್ಟೋಬರಿನಲ್ಲಿ ತರಲಿ. ಒಂದು ತರುವುದಕ್ಕಿಂತ ಎರಡು ತಂದರೆ ಒಂದಕ್ಕೆ ರಾಣಿ ತಪ್ಪಿದಾಗ ಹೊಸ ರಾಣಿ ಬೆಳೆಸಲು ಇನ್ನೊಂದರಿಂದ ಮೊಟ್ಟೆಯ ಎರಿ ಕೊಡಬಹುದು.

ಬಂದಡ್ಕ: ಮಾವ, ರಬ್ಬರ್ ತೋಟ ಎಷ್ಟು ದೂರವೆಂದು ಅವರು ಹೇಳಲೇ ಇಲ್ಲ. ತುಡುವೆ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ದುಡಿಯುವ ಹುಳು. ಬರಿಯ ಅಡಿಕೆಯ ಸಿಂಗಾರ (ಹೂಗೊಂಚಲು) ನಂಬಿದರೆ ಪರಾಗ ಸಿಕ್ಕೀತು, ಬಾಟಲಿ ತುಂಬದು.

ಪೆರ್ಲ (ಕೇಳಿದವರು): ನಡೆದು ನೋಡಿದೆ, ರಬ್ಬರಿಗೆ ಅರ್ಧ ಕಿಲೋಮೀಟರ್. ಮಾರುವವರಿಗೆ ಈಗ ಬೇಡವೆಂದು ತಿಳಿಸಿದೆ. ಅವರು 3,200ಕ್ಕೆ ಇಳಿದರು.

ಮುಳ್ಳೇರಿಯ: ಇಳಿಸಿದರೆ ಇನ್ನಷ್ಟು ಸಂಶಯಪಡಿ. ನನ್ನ ನಾಲ್ಕು ಪೆಟ್ಟಿಗೆಗಳು ಹಟ್ಟಿಯ ಅಟ್ಟದಲ್ಲಿ ಖಾಲಿ ಬಿದ್ದಿವೆ. ದೀಪಾವಳಿಯ ನಂತರ ಬಂದು ಎರಡನ್ನು ಒಯ್ಯಿರಿ, ಹಣ ಬೇಡ.

ಅಡೂರು: ಒಯ್ಯುವ ಮೊದಲು ಪ್ರತಿ ಸಂದನ್ನೂ ಕೆರೆದು ಬೆಂಕಿ ತೋರಿಸಿ ಬಿಸಿಲಿಗಿಡಲಿ. ಅವುಗಳಲ್ಲಿ ಪತಂಗದ ಮೊಟ್ಟೆ ಇರುವುದು ಖಂಡಿತ.

ಮುಳ್ಳೇರಿಯ: ಕೆರೆದಿದ್ದೇನೆ. ಎರಡು ಸಲ.